ಹೊಲದ ವಿದ್ಯೆ ಹಿತ್ತಿಲಿಗೆ ಬಂದ ಬಗೆ

ಮುಂಗಾರಿನ ಮೊದಲ ಮಳೆಗಳಲ್ಲಿ ಸೆಣಬನ್ನು ದಟ್ಟವಾಗಿ ಎರಚಿ, ಅದು ಹೂವಿಗೆ ತಿರುಗಿದೊಡನೆ ಕೊಚ್ಚಿ ಮಣ್ಣಿಗೇ ಮಗುಚುವ ಹೊದಿಕೆ ಬೆಳೆಯ ಪದ್ಧತಿಯನ್ನು ಹಿತ್ತಿಲ ತೋಟದ ನೂತನ ಆವಿಷ್ಕಾರವೆಂಬಂತೆ ವರ್ಣಿಸುವವರು ಈಚೆಗೆ ಹೆಚ್ಚುತ್ತಿರುವರು. ಆದರೆ ಕಲಬುರಗಿ ಜಿಲ್ಲೆಯ ಸುಲೇಪೇಟದಲ್ಲಿ ನಿಂತು ಸೇಡಂ, ಚಿಂಚೋಳಿ, ಚಿತ್ತಾಪುರಗಳ ತೊಗರಿಯ ಹೊಲಗಳನ್ನು ನೋಡುವವನಿಗೆ ಈ ಮಾತು ಸುಲಭವಾಗಿ ರುಚಿಸದು.

ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಗಿಡ ನೆಡುವ ಮುನ್ನ ಎಳ್ಳು ಬಿತ್ತಿ, ಅದು ಹೂವಾದಾಗ ಅಲ್ಲಿಯೇ ಮರ್ದಿಸಬೇಕೆಂದೂ, ಭೂಮಿಗೆ ಮಾಡತಕ್ಕ ಪ್ರಥಮ ಕರ್ಮವು ಇದೇ ಎಂದೂ ವಿಧಿಸಿರುವನು. ಆ ಶಾಸ್ತ್ರವು ಕನ್ನಡಕ್ಕೆ ಇಳಿದುದು ಇಲ್ಲಿಗೆ ದೂರವಲ್ಲದ ಕಲ್ಯಾಣದ ಚಾಳುಕ್ಯರ ಕಾಲದಲ್ಲಿ: ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವುಂಟು.

ಗ್ರಂಥಗಳನ್ನು ಓದದ ರೈತನಿಗೆ ಈ ವಿದ್ಯೆಯನ್ನು ಕಲಿಸಿದುದು ತೊಗರಿ. ಅದರ ಬೇರು ಎರೆಯಲ್ಲಿ ಆಳಕ್ಕಿಳಿಯುವುದು. ರಾಶಿಯ ಹೊತ್ತಿಗೆ ಅದರ ಎಲೆಯೆಲ್ಲ ಉದುರಿ ಸಾಲುಗಳ ನಡುವೆ ಹಾಸಿಕೊಳ್ಳುವುದು. ಬೇಳೆಕಾಳಿನ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುವೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಥರು 1886ರಲ್ಲಿ ಶ್ರುತಪಡಿಸಿದರು. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಸ್ರವಿಸಿ, ಕೆಮ್ಮಣ್ಣಿನಲ್ಲಿ ಕಬ್ಬಿಣದೊಡನೆ ಬಂಧಿತವಾದ ರಂಜಕವನ್ನು ಬಿಡಿಸಿಕೊಳ್ಳುವುದೆಂಬುದನ್ನು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. 2019ರಲ್ಲಿ ಗುಲ್ಬರ್ಗ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಗೌರವ ದೊರೆತಾಗ ಎಲ್ಲರೂ ಬೇಳೆಯ ರುಚಿಯನ್ನು ಕೊಂಡಾಡಿದರೇ ವಿನಾ, ಅದರ ಬೇರನ್ನು ನೆನೆದವರು ವಿರಳ.

ಹೊಲಕ್ಕೆ ತಿಳಿದಿದ್ದ ಈ ವಿದ್ಯೆ ಹಿತ್ತಿಲಿಗೆ ಏಕೆ ಬೇಕಾಗಲಿಲ್ಲ? ಹಿತ್ತಿಲಿಗೆ ತಿಪ್ಪೆಯಿದ್ದಿತು. ದನದ ಸಗಣಿ, ಒಲೆಯ ಬೂದಿ, ಕಸಕಡ್ಡಿಗಳೆಲ್ಲ ಅಲ್ಲಿ ಕೊಳೆತು, ಬದನೆ, ಹೀರೆಗಳಿಗೆ ಬೇಕಾದುದು ಬೇಡದೆಯೇ ಒದಗುತ್ತಿದ್ದಿತು. ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ವಹಿಸಿಕೊಂಡು ಕೊಟ್ಟಿಗೆ ಬರಿದಾದಂತೆ ತಿಪ್ಪೆಯೂ ಕರಗಿತು. ಕೃಶವಾದ ಹಿತ್ತಿಲ ಮಣ್ಣಿಗೆ ಹೊದಿಕೆ ಬೆಳೆಯು ಇಂದು ಬರುತ್ತಿರುವುದು, ನನ್ನ ಮತದಲ್ಲಿ, ಆ ದನದ ಸ್ಥಾನಕ್ಕೆ.

ಇಲ್ಲಿ ಅದಕ್ಕೆ ಒಂದು ಅನುಕೂಲವೂ ಉಂಟು. ತೊಗರಿಯ ಬೇರನ್ನು ಸೇರುವ ಸೂಕ್ಷ್ಮಾಣುವರ್ಗವೇ ಸೆಣಬು, ಅಲಸಂದೆ, ಹೆಸರು, ಹುರುಳಿಗಳಿಗೂ ಒಗ್ಗುವುದಾದುದರಿಂದ, ತೊಗರಿ ಬೆಳೆದ ನೆಲದ ಒಂದಿಷ್ಟು ಮಣ್ಣನ್ನು ಹಿತ್ತಿಲಿಗೆ ಬೆರೆಸಿದರೆ ಸಾಕು. ಸೆಣಬನ್ನು ಸುಮಾರು 45–50 ದಿನಗಳಲ್ಲಿ, ಹೂವಿನ ಹಂತದಲ್ಲಿಯೇ ಮಗುಚಬೇಕು. ತಡವಾದರೆ ಕಾಂಡ ನಾರಾಗಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಡುವುದು. ಮಳೆ ಕೈಕೊಟ್ಟ ವರ್ಷ ಈ ಸಾಹಸ ಸಲ್ಲದು: ಹಿಂಗಾರಿಗೆಂದು ಉಳಿದ ತೇವವನ್ನು ಹೊದಿಕೆಯೇ ಕುಡಿದುಬಿಡುವುದು.

ತಿನ್ನಲು ಬಾರದ ಬೆಳೆಗೆ ನೆಲ ಬಿಟ್ಟುಕೊಡಲು ಗೃಹಿಣಿಯು ಒಪ್ಪದಿದ್ದರೆ ಅದೂ ನ್ಯಾಯವೇ. ಆಕೆಗೆ ಹೆಸರೋ ಅಲಸಂದೆಯೋ ಇರಲಿ. ಕಾಯಿ ಬಿಡಿಸಿಕೊಂಡಷ್ಟೂ ಸಾರಜನಕದ ಬಹುಭಾಗವು ಕಾಳಿನೊಡನೆ ಅಡುಗೆಮನೆಗೆ ಸಾಗುವುದಾದರೂ, ಉಳಿದ ಬಳ್ಳಿಯನ್ನು ಒಣಗುವ ಮೊದಲೇ ಮಣ್ಣಿಗೆ ಸೇರಿಸಿದರೆ ಹಿಂಗಾರಿನ ಮೆಂತ್ಯಕ್ಕೆ ಅಷ್ಟು ಸಾಕಾಗುವುದು.