ಡೀಸೆಲ್ ಪಂಪಿನ ಎಂಜಿನ್ನಿನಲ್ಲಿ ವಾಲ್ವು ಅರೆಯುವ ಕೆಲಸ

ಮೆಕ್ಕೆಜೋಳವು ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆ ಹೊರಡುವ ದಿನಗಳಲ್ಲಿ ನೀರಿನ ಕೊರತೆಯಾದರೆ, ಆ ನಷ್ಟವನ್ನು ಮುಂದೆ ಎಷ್ಟು ನೀರು ಹಾಯಿಸಿದರೂ ತುಂಬಿಕೊಳ್ಳಲಾಗದು. ಶೇಂಗಾ ಬೆಳೆಯಲ್ಲಿ ಹೂವಿನ ಬುಡದಿಂದ ಹೊರಟ ಸೂಜಿಯಂಥ ಮೊಳೆಗಳು ಮಣ್ಣಿಗಿಳಿಯುವಾಗಲೂ ಹೀಗೆಯೇ. ಇಂಥ ಸಮಯದಲ್ಲಿಯೇ ಹಳೆಯ ಡೀಸೆಲ್ ಎಂಜಿನ್ನು ಹಟ ಹಿಡಿಯುವುದು. ಇಬ್ಬರು ಸೇರಿ ಹ್ಯಾಂಡಲ್ ಹೊಡೆದು ಸುಸ್ತಾದರೂ ಅದು ಬಿಳಿಯ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ವಿದ್ಯುತ್ ಪಂಪುಗಳು ಎಷ್ಟೇ ಹೆಚ್ಚಿದ್ದರೂ ತಂತಿ ತಲುಪದ ಹಳ್ಳದ ದಂಡೆಗಳಲ್ಲಿ, ಕರೆಂಟನ್ನು ನಂಬುವಂತಿಲ್ಲದ ಕಡೆಗಳಲ್ಲಿ ಈ ಎಂಜಿನ್ನುಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯನ್ನು ಅನುಸರಿಸಿ ರಾಜಕೋಟೆಯ ಕಾರ್ಖಾನೆಗಳು ತಯಾರಿಸಿದ, ಮಿನಿಟಿಗೆ 650 ಸುತ್ತಿನ ನಿಧಾನಗತಿಯ ಎಂಜಿನ್ನುಗಳೂ, 1500 ಸುತ್ತಿನ 5 ಅಶ್ವಶಕ್ತಿಯ ಎಂಜಿನ್ನುಗಳೂ ಇವುಗಳಲ್ಲಿ ಸೇರಿವೆ.

ಎಂಜಿನ್ನು ಹೊತ್ತದಿರಲು ಕಾರಣಗಳು ಹಲವು. ಅವುಗಳಲ್ಲಿ ವಾಲ್ವು ಸೋರುವುದು ಒಂದು. ಅದಕ್ಕೆ ವಾಲ್ವು ಅರೆಯುವುದು, ಅಂದರೆ ಮೆಕ್ಯಾನಿಕರು ವಾಲ್ವ್ ಗ್ರೈಂಡಿಂಗ್ ಎನ್ನುವ ಕೆಲಸ, ಒಳ್ಳೆಯ ಉಪಾಯ. ಕೈಯಲ್ಲಿ ಸಾಮಾನು ಹಿಡಿದು ಅಭ್ಯಾಸವಿರುವ ರೈತರು ಇದನ್ನು ತಾವೇ ಮಾಡಿಕೊಳ್ಳಬಹುದು. ಆದರೆ ಅತಿಯಾಗಿ ಅರೆದು ಕೆಟ್ಟ ಹೆಡ್ಡುಗಳು, ಅರೆಯದೆ ಕೆಟ್ಟ ಹೆಡ್ಡುಗಳಿಗಿಂತ ಕಡಿಮೆಯೇನಿಲ್ಲ. ಆದ್ದರಿಂದ ಹೇಗೆ ಅರೆಯಬೇಕು ಎನ್ನುವಷ್ಟೇ ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನೂ ತಿಳಿದಿರಬೇಕು.

ವಾಲ್ವಿನ ಮೇಲೆ ಬೀಳುವ ಹೊರೆ

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಮೇಲೇರುವಾಗ ಗಾಳಿಯನ್ನು ಸುಮಾರು ಹದಿನಾರು ಹದಿನೇಳನೆಯ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿ ಎಲ್ಲಿಯಾದರೂ ಸೋರಿದರೆ ಒತ್ತಡವೂ ಕಾವೂ ಎರಡೂ ಸಾಲದೆ ಬರುತ್ತವೆ. ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸುವಾಗ ಸೋರಿಕೆಗೆ ಹೆಚ್ಚು ಸಮಯ ಸಿಗುವುದರಿಂದ, ಒಮ್ಮೆ ಹೊತ್ತಿಕೊಂಡರೆ ಓಡುವ ಎಂಜಿನ್ನು ಕೂಡ ಬೆಳಿಗ್ಗೆ ತಣ್ಣಗಿರುವಾಗ ಹೊತ್ತಲು ಸತಾಯಿಸುತ್ತದೆ.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ವಾಲ್ವೂ ತೆರೆದು ಮುಚ್ಚಬೇಕು. 650 ಸುತ್ತಿನ ಎಂಜಿನ್ನಿನಲ್ಲಿ ಇದು ಮಿನಿಟಿಗೆ 325 ಸಲ. ಎಂಟು ಗಂಟೆ ನೀರೆತ್ತಿದರೆ 1,56,000 ಸಲ. 1500 ಸುತ್ತಿನದರಲ್ಲಿ ಅಷ್ಟೇ ಹೊತ್ತಿಗೆ 3,60,000 ಸಲ. ಹೊಗೆ ಹೊರಹೋಗುವ ವಾಲ್ವಿನ ಪಾಡು ಇನ್ನೂ ಕಷ್ಟದ್ದು. ಉರಿದ ಅನಿಲವೆಲ್ಲ ಅದನ್ನು ಸವರಿಕೊಂಡೇ ಹೋಗುತ್ತದೆ. ತನಗೆ ತಾಗಿದ ಕಾವಿನ ಹೆಚ್ಚಿನ ಪಾಲನ್ನು ಅದು ಸೀಟಿನ ಮೇಲೆ ಕುಳಿತಿರುವ ಅಲ್ಪ ಸಮಯದಲ್ಲಿ ಸೀಟಿಗೆ ದಾಟಿಸಿ ತಣಿಯಬೇಕು. ಸೀಟಿನ ಮೇಲೆ ಮಸಿಯ ಚೂರು ಸಿಕ್ಕಿಕೊಂಡರೆ ಆ ಜಾಗದಲ್ಲಿ ಲೋಹಕ್ಕೆ ಲೋಹ ತಾಗುವುದಿಲ್ಲ. ಅಲ್ಲಿ ಬೆಂಕಿಯ ನಾಲಿಗೆ ನುಸುಳಿ ವಾಲ್ವಿನ ಅಂಚನ್ನು ಸುಡುತ್ತಾ ಹೋಗುತ್ತದೆ. ಸೋರುವ ವಾಲ್ವು ತಾನಾಗಿ ಸರಿಹೋಗುವುದಿಲ್ಲ. ಅದು ದಿನದಿಂದ ದಿನಕ್ಕೆ ಹೆಚ್ಚು ಸೋರುತ್ತದೆ.

ಹೆಡ್ಡು ಬಿಚ್ಚುವ ಮುಂಚೆ

ತಪ್ಪು ವಾಲ್ವಿನದೇ ಎಂದು ಗೊತ್ತುಮಾಡಿಕೊಳ್ಳದೆ ಹೆಡ್ಡು ಬಿಚ್ಚಬಾರದು. ಡೀಸೆಲ್ ಬಂದು ಮಾಡಿ, ಡಿಕಂಪ್ರೆಷನ್ ಲಿವರನ್ನು ಬಿಟ್ಟು, ಹ್ಯಾಂಡಲನ್ನು ನಿಧಾನವಾಗಿ ಒತ್ತಡದ ಸುತ್ತಿಗೆ ತಂದು ಹಾಗೆಯೇ ಹಿಡಿಯಬೇಕು. ಎಂಜಿನ್ನು ಸರಿಯಿದ್ದರೆ ಹ್ಯಾಂಡಲು ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯುತ್ತದೆ. ಸೋರುತ್ತಿದ್ದರೆ ಪ್ರತಿರೋಧ ಮೆಲ್ಲಗೆ ಕರಗಿ ಚಕ್ರ ಮುಂದೆ ಸಾಗುತ್ತದೆ. ಆಗ ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಹೊಗೆ ಕೊಳವೆಯಲ್ಲಿ ಬುಸ್ಸೆಂದರೆ ಹೊಗೆಯ ವಾಲ್ವು, ಗಾಳಿ ಸೋಸುವ ಡಬ್ಬಿಯಲ್ಲಿ ಕೇಳಿಸಿದರೆ ಗಾಳಿಯ ವಾಲ್ವು ಸೋರುತ್ತಿದೆ. ಸದ್ದು ಎಣ್ಣೆ ಹಾಕುವ ಬಾಯಿಯಿಂದ ಬಂದರೆ ಅದು ರಿಂಗು, ಸಿಲಿಂಡರುಗಳ ಸವೆತ. ತಂಪು ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ಟನ್ನು ಮೊದಲು ಸಂಶಯಿಸಬೇಕು. ಈ ಎರಡಕ್ಕೂ ವಾಲ್ವು ಅರೆಯುವುದು ಮದ್ದಲ್ಲ.

ಇದಕ್ಕೂ ಮುಂಚೆ ಟ್ಯಾಪೆಟ್ ಸಂದನ್ನು ಅಳೆಯುವುದು ಲೇಸು. ವಾಲ್ವಿನ ದಂಟಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಸಂದು ಇಲ್ಲದೆ ಹೋಗಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಹೆಚ್ಚು ದಿನ ಹಾಗೆ ಓಡಿರದಿದ್ದರೆ ಸಂದು ಸರಿಪಡಿಸಿದೊಡನೆ ಎಂಜಿನ್ನು ಎಂದಿನಂತಾಗಬಹುದು. ಹತ್ತು ಮಿನಿಟಿನ ಈ ಕೆಲಸ ಎಷ್ಟೋ ಸಲ ಒಂದು ದಿನದ ಕೆಲಸವನ್ನು ಉಳಿಸುತ್ತದೆ.

ಬಿಚ್ಚಿ ನೋಡುವುದು

ಎಂಜಿನ್ನು ತಣ್ಣಗಾದ ಮೇಲೆ ನೀರು ಬಸಿದು, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಹಿಡಿಕೆಯಿಂದ ಒತ್ತಿ, ದಂಟಿನ ತುದಿಯ ಲಾಕುಗಳನ್ನು ತೆಗೆದರೆ ವಾಲ್ವು ಕೆಳಕ್ಕೆ ಜಾರುತ್ತದೆ. ಒತ್ತಿದ ಸ್ಪ್ರಿಂಗು ಸಿಡಿದು ಕಣ್ಣಿಗೆ ಬಡಿಯುವ ಅಪಾಯವುಂಟು, ಎಚ್ಚರಿಕೆ ಬೇಕು.

ವಾಲ್ವು, ಸ್ಪ್ರಿಂಗು, ಲಾಕು ಇವುಗಳನ್ನು ಜೊತೆಜೊತೆಯಾಗಿ ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕು. ಒಂದು ಮನೆಯ ಒರಳಿಗೆ ಇನ್ನೊಂದು ಮನೆಯ ಗುಂಡು ಹೊಂದದು. ಒಂದನ್ನೊಂದು ಸವೆಸುತ್ತಲೇ ಅವು ಜೋಡಿಯಾಗಿರುತ್ತವೆ. ವಾಲ್ವು ಮತ್ತು ಸೀಟಿನ ಸಂಬಂಧವೂ ಇದೇ. ಎರಡು ವಾಲ್ವುಗಳು ಒಂದೇ ಅಳತೆಯಲ್ಲಿ ಕಂಡರೂ ಅದಲುಬದಲು ಮಾಡಬಾರದು.

ಮಸಿಯನ್ನು ಕೆರೆದು ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ನಿಜಸ್ಥಿತಿ ಕಾಣುತ್ತದೆ. ದಂಟನ್ನು ಗಾಜಿನ ಹಲಗೆಯ ಅಂಚಿನಲ್ಲಿ ತಲೆ ಹೊರಗಿರುವಂತೆ ಉರುಳಿಸಿದರೆ ಸೊಟ್ಟಗಾಗಿದೆಯೋ ಇಲ್ಲವೋ ತಿಳಿಯುತ್ತದೆ. ವಾಲ್ವನ್ನು ಗೈಡಿನಲ್ಲಿ ಸ್ವಲ್ಪ ಎತ್ತಿ ಹಿಡಿದು ಅತ್ತಿತ್ತ ಅಲುಗಿಸಿದಾಗ ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಗೈಡು ಸವೆದಿದೆ ಎಂದರ್ಥ. ಗೈಡು ಸವೆದ ವಾಲ್ವು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಅದನ್ನು ಎಷ್ಟು ಅರೆದರೂ ಹಣ, ಸಮಯ ಎರಡೂ ದಂಡ. ಮೊದಲು ಗೈಡು ಬದಲಾಗಬೇಕು.

ಅಂಚು ಸುಟ್ಟು ಸೀಳಿರುವ, ಸೊಟ್ಟಗಾಗಿರುವ ವಾಲ್ವುಗಳನ್ನು ಎಸೆಯಬೇಕು. ತಲೆಯ ಅಂಚಿನ ದಪ್ಪ 1 ಮಿ.ಮೀ.ಗಿಂತ ಕಡಿಮೆಯಾಗಿ ಬ್ಲೇಡಿನಂತಾಗಿರುವುದನ್ನೂ ಮತ್ತೆ ಹಾಕಬಾರದು, ಏಕೆಂದರೆ ತೆಳ್ಳಗಿನ ಅಂಚು ಬೇಗ ಕೆಂಪಗೆ ಕಾಯುತ್ತದೆ. ಉಗುರಿಗೆ ತಗಲುವಷ್ಟು ಆಳದ ಗುಳಿಗಳಿದ್ದರೆ ವಾಲ್ವನ್ನು ಯಂತ್ರದಲ್ಲಿ ಸಾಣೆ ಹಿಡಿಸಿ, ಸೀಟನ್ನು ಕಟ್ಟರಿನಿಂದ ಕತ್ತರಿಸಬೇಕು. ಇದು ತಾಲ್ಲೂಕು ಕೇಂದ್ರದ ವರ್ಕ್‌ಶಾಪಿನಲ್ಲಿ ಆಗುವ ಕೆಲಸ. ಇನ್ನು ಕೆಲವು ಹೊಸ ಎಂಜಿನ್ನುಗಳ ವಾಲ್ವುಗಳಿಗೆ ವಿಶೇಷ ಲೇಪ ಕೊಟ್ಟಿರುತ್ತಾರೆ. ಅಂಥವನ್ನು ಅರೆದರೆ ಲೇಪವೇ ಹೋಗುತ್ತದೆ, ಆದ್ದರಿಂದ ಕಂಪನಿಯ ಕೈಪಿಡಿಯನ್ನು ನೋಡಿಯೇ ಮುಂದುವರಿಯಬೇಕು.

ಅರೆಯುವ ವಿಧಾನ

ಬಿಡಿಭಾಗಗಳ ಅಂಗಡಿಗಳಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟು ಸಿಗುತ್ತದೆ. ಇದು ಗ್ರೀಸಿನಂಥ ಜಿಡ್ಡಿನಲ್ಲಿ ಕಾರ್ಬೊರಂಡಮ್ಮಿನ ಪುಡಿ ಕಲಸಿದ್ದು. ಒಂದೇ ಡಬ್ಬಿಯ ಒಂದು ಕಡೆ ತರಿ, ಇನ್ನೊಂದು ಕಡೆ ನುಣುಪು ಇರುವುದುಂಟು. ವರ್ಕ್‌ಶಾಪಿನಲ್ಲಿ ಕತ್ತರಿಸಿ ತಂದ ಸೀಟಿಗೆ, ಮಸಿಯ ಕಲೆ ಮಾತ್ರ ಇರುವ ಸೀಟಿಗೆ ನುಣುಪೊಂದೇ ಸಾಕು. ಸಣ್ಣ ಗುಳಿಗಳಿದ್ದರೆ ಮಾತ್ರ ತರಿಯಿಂದ ಆರಂಭಿಸಬೇಕು.

ದಂಟಿಗೆ ಶುದ್ಧವಾದ ಎಣ್ಣೆ ಸವರಿ, ವಾಲ್ವಿನ ಓರೆ ಅಂಚಿನ ಮೇಲೆ ಮೂರು ನಾಲ್ಕು ಕಡೆ ಸಾಸಿವೆ ಕಾಳಿನಷ್ಟೇ ಪೇಸ್ಟು ಇಡಬೇಕು. ಹೆಚ್ಚು ಹಾಕಿದರೆ ಕೆಲಸ ಬೇಗ ಆಗುವುದಿಲ್ಲ. ಅದು ಜಾರಿ ಗೈಡಿಗೆ ಇಳಿದು ದಂಟನ್ನು ಕೊರೆಯುತ್ತದೆ, ಅಷ್ಟೆ. ವಾಲ್ವಿನ ತಲೆಯ ಕೆಳಗೆ ಒಂದು ಮೆತ್ತನೆಯ ಸಣ್ಣ ಸ್ಪ್ರಿಂಗು ಹಾಕಿದರೆ ಒತ್ತು ಬಿಟ್ಟಾಗಲೆಲ್ಲ ವಾಲ್ವು ತಾನಾಗಿ ಮೇಲೇಳುತ್ತದೆ. ರಬ್ಬರು ಬಟ್ಟಲಿರುವ ಕೋಲನ್ನು ತಲೆಗೆ ಅಂಟಿಸಿ, ಚಿಕ್ಕ ಕಡೆಗೋಲನ್ನು ಎರಡು ಅಂಗೈಗಳ ನಡುವೆ ಆಡಿಸುವಂತೆ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಆಡಿಸಬೇಕು. ಕೆಲವು ವಾಲ್ವುಗಳ ತಲೆಯಲ್ಲಿ ಸ್ಕ್ರೂಡ್ರೈವರಿಗೆ ಸೀಳು ಇರುತ್ತದೆ. ಆಗ ಕೋಲು ಬೇಕಿಲ್ಲ. ಒತ್ತಡ ಹಗುರವಾಗಿರಲಿ. ಎಂಟು ಹತ್ತು ಸಲ ಆಡಿಸಿದ ಮೇಲೆ ವಾಲ್ವನ್ನು ಎತ್ತಿ, ಸ್ವಲ್ಪ ತಿರುಗಿಸಿ, ಹೊಸ ಜಾಗದಲ್ಲಿ ಕೂರಿಸಿ ಮತ್ತೆ ಆಡಿಸಬೇಕು. ಹೀಗೆ ಎತ್ತುವುದರಿಂದ ಪೇಸ್ಟು ಸಮನಾಗಿ ಹರಡುತ್ತದೆ. ಎತ್ತದೆ ಒಂದೇ ಸಮನೆ ತಿರುಗಿಸಿದರೆ ಬಳೆಯಂಥ ಗೀರುಗಳು ಬೀಳುತ್ತವೆ.

ದಂಟನ್ನು ವಿದ್ಯುತ್ ಡ್ರಿಲ್ಲಿಗೆ ಕಚ್ಚಿಸಿ ಗಿರ್ರನೆ ತಿರುಗಿಸುವ ಪದ್ಧತಿ ಕೆಲವು ಕಡೆ ಇದೆ. ಐದು ಮಿನಿಟಿನಲ್ಲಿ ಮುಗಿಯುತ್ತದೆ, ನಿಜ. ಆದರೆ ಗೀರು ಬೀಳುವುದು, ಸೀಟು ಅಗಲವಾಗುವುದು, ಗೈಡು ಸವೆಯುವುದು ಮೂರೂ ಆ ಐದು ಮಿನಿಟಿನಲ್ಲಿಯೇ ಮುಗಿಯುತ್ತವೆ. ರೈತರು ಇದಕ್ಕೆ ಒಪ್ಪದಿರುವುದು ಒಳ್ಳೆಯದು.

ಆರಂಭದಲ್ಲಿ ಕೈಗೆ ಕರಕರ ಎನ್ನುವ ಸದ್ದು ಸಿಗುತ್ತದೆ. ಅದು ಮೆತ್ತಗಾದೊಡನೆ ಬಟ್ಟೆಯಿಂದ ಒರೆಸಿ ನೋಡಬೇಕು. ಪ್ರತಿ ಸಲ ಒರೆಸಿ ನೋಡುವ ತಾಳ್ಮೆಯೇ ಈ ಕೆಲಸದಲ್ಲಿ ಮುಖ್ಯ. ವಾಲ್ವಿನ ಮೇಲೂ ಸೀಟಿನ ಮೇಲೂ ಎಲ್ಲಿಯೂ ಕಡಿಯದ, ಒಂದೇ ಅಗಲದ, ಹೊಳಪಿಲ್ಲದ ಬೂದು ಬಣ್ಣದ ಉಂಗುರ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ನಾಲ್ಕು ಸಲ ತಿರುಗಿಸಿದರೆ ಇನ್ನೂ ಚೆನ್ನಾದೀತು ಎನ್ನಿಸುವುದು ಸಹಜ. ಹಾಗೇನೂ ಆಗುವುದಿಲ್ಲ.

ಉಂಗುರ ಅಗಲವಾದರೆ

ಇಂಥ ಎಂಜಿನ್ನುಗಳಲ್ಲಿ ಈ ಉಂಗುರದ ಅಗಲ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಆಸುಪಾಸಿನಲ್ಲಿದ್ದರೆ ಸರಿ. ನಿಖರವಾದ ಅಳತೆಯನ್ನು ಆಯಾ ಎಂಜಿನ್ನಿನ ಕೈಪಿಡಿ ಹೇಳುತ್ತದೆ. ಅಗಲ ಹೆಚ್ಚಿದಷ್ಟೂ ಚೆನ್ನಾಗಿ ಮುಚ್ಚುತ್ತದೆ ಎಂಬ ನಂಬಿಕೆ ತಪ್ಪು. ಸ್ಪ್ರಿಂಗಿನ ಬಲ ಎಂದೂ ಅಷ್ಟೇ. ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿಹೋದರೆ ಪ್ರತಿ ಜಾಗದ ಮೇಲೂ ಒತ್ತು ಕಡಿಮೆಯಾಗುತ್ತದೆ. ಬಿದ್ದ ಮಸಿಯ ಚೂರನ್ನು ಕಿರಿದಾದ ಸೀಟು ಅರೆದು ಪುಡಿಮಾಡುತ್ತದೆ, ಅಗಲವಾದ ಸೀಟು ಅದನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಂದು ತೀರ ಕಿರಿದಾದರೆ ಕಾವು ದಾಟಲು ಜಾಗ ಸಾಲದು.

ಅರೆದಂತೆಲ್ಲ ವಾಲ್ವು ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ ಎಂಬುದು ಇನ್ನೊಂದು ಮಾತು. ಹೂತಷ್ಟೂ ಮೇಲಿನ ಜಾಗ ದೊಡ್ಡದಾಗಿ ಒತ್ತಡ ತಗ್ಗುತ್ತದೆ. ಹೊತ್ತುವುದಿಲ್ಲವೆಂದು ಅರೆದು, ಅರೆದದ್ದರಿಂದಲೇ ಹೊತ್ತದಂತೆ ಆಗುವುದು ಹೀಗೆ. ಸೀಟು ಅಗಲವಾಗಿ ಹೋಗಿದ್ದರೆ 45 ಡಿಗ್ರಿಯ ಸೀಟನ್ನು ಮೇಲೆ ಕೆಳಗೆ ಬೇರೆ ಕೋನದ ಕಟ್ಟರುಗಳಿಂದ ಕತ್ತರಿಸಿ ಕಿರಿದು ಮಾಡಬಹುದು. ವಾಲ್ವು ತೀರ ಆಳಕ್ಕಿಳಿದಿದ್ದರೆ ಹೊಸ ಸೀಟಿನ ಬಳೆ ಕೂರಿಸಬೇಕಾಗುತ್ತದೆ. ಅದರ ಖರ್ಚು ಪೇಸ್ಟಿನ ಡಬ್ಬಿಯ ಖರ್ಚಿನಂತಲ್ಲ.

ಪರೀಕ್ಷೆ

ಪೇಸ್ಟನ್ನೆಲ್ಲ ಒರೆಸಿದ ಮೇಲೆ ಸೀಸದ ಕಡ್ಡಿಯಿಂದ ವಾಲ್ವಿನ ಓರೆಯ ಮೇಲೆ ಕಾಲಂಗುಲಕ್ಕೊಂದರಂತೆ ಅಡ್ಡಗೆರೆಗಳನ್ನು ಎಳೆಯಬೇಕು. ವಾಲ್ವನ್ನು ಕೂರಿಸಿ, ಬೆರಳಿನಿಂದ ಒತ್ತಿ ಕಾಲು ಸುತ್ತು ತಿರುಗಿಸಿ ತೆಗೆದಾಗ ಪ್ರತಿ ಗೆರೆಯೂ ಉಂಗುರದ ಜಾಗದಲ್ಲಿ ಕಡಿದಿರಬೇಕು. ಯಾವುದಾದರೂ ಗೆರೆ ಹಾಗೆಯೇ ಉಳಿದಿದ್ದರೆ ಅಲ್ಲಿ ತಗ್ಗು ಇದೆ ಎಂದು ಅರ್ಥ.

ಇನ್ನು ಮುಂದೆ ಬರುವುದು ತೊಳೆಯುವ ಕೆಲಸ. ಪೇಸ್ಟಿನ ಒಂದು ಕಾಳು ಒಳಗೆ ಉಳಿದರೂ ಅದು ಗೈಡಿನಲ್ಲಿ, ಸಿಲಿಂಡರಿನಲ್ಲಿ ಅರೆಯುತ್ತಲೇ ಇರುತ್ತದೆ. ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಬಿಸಿ ನೀರು ಸಾಬೂನಿನಿಂದ ತೊಳೆದು, ಗೈಡಿನ ತೂತಿನಲ್ಲಿ ಬಟ್ಟೆ ಎಳೆದು ಒರೆಸಿ, ಒಣಗಿದೊಡನೆ ಎಣ್ಣೆ ಸವರಬೇಕು. ವಾಲ್ವು, ಸ್ಪ್ರಿಂಗುಗಳನ್ನು ಜೋಡಿಸಿದ ನಂತರ ಹೆಡ್ಡನ್ನು ವಾರೆಯಾಗಿ ನಿಲ್ಲಿಸಿ ಗಾಳಿಯ ದಾರಿಗೂ ಹೊಗೆಯ ದಾರಿಗೂ ಸೀಮೆಎಣ್ಣೆ ತುಂಬಿ ಐದು ಮಿನಿಟು ಕಾಯುವುದು ಕೊನೆಯ ಪರೀಕ್ಷೆ. ವಾಲ್ವಿನ ಸುತ್ತ ತೇವ ಜಿನುಗಬಾರದು.

ಹಳೆಯ ಮೋಟಾರು ಸೈಕಲ್ಲುಗಳಿಗೂ ಇದೇ ಕ್ರಮ ಸಲ್ಲುತ್ತದೆ. 1955ರಲ್ಲಿ ಮದರಾಸಿನಲ್ಲಿ ಜೋಡಣೆ ಆರಂಭವಾದ 350 ಸಿ.ಸಿ.ಯ ಬುಲೆಟ್ಟನ್ನು ದನದ ಕೊಟ್ಟಿಗೆಯ ಮೂಲೆಯಿಂದ ಹೊರತೆಗೆದು ಸರಿಪಡಿಸುವವರು ಈಗ ಹೆಚ್ಚುತ್ತಿದ್ದಾರೆ. ಅದರ ಎರಡು ವಾಲ್ವುಗಳನ್ನೂ ಹೀಗೆಯೇ ಅರೆಯಬಹುದು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಮಾಲೀಕರಿಗೆ ಈ ತೊಂದರೆಯೇ ಇಲ್ಲ. ಅವು ಎರಡು ಸ್ಟ್ರೋಕಿನವು. ಅವುಗಳ ಹೆಡ್ಡಿನಲ್ಲಿ ವಾಲ್ವುಗಳಿಲ್ಲ.

ಜೋಡಿಸಿದ ಮೇಲೆ

ಅರೆದಾಗ ವಾಲ್ವಿನ ತಲೆ ಒಳಕ್ಕೆ ಹೋದಷ್ಟೇ ದಂಟಿನ ತುದಿ ರಾಕರಿನ ಕಡೆಗೆ ಏರಿರುತ್ತದೆ. ಅಂದರೆ ಟ್ಯಾಪೆಟ್ ಸಂದು ಕಡಿಮೆಯಾಗಿರುತ್ತದೆ. ಅದನ್ನು ಮತ್ತೆ ಹೊಂದಿಸದಿದ್ದರೆ ಅಷ್ಟು ಶ್ರಮದಿಂದ ಅರೆದ ವಾಲ್ವು ಕಾದು ಉದ್ದವಾದಾಗ ಸೀಟಿನಿಂದ ಎದ್ದೇ ಇದ್ದು ಮತ್ತೆ ಸುಡುತ್ತದೆ. ಪಿಸ್ಟನ್ನು ಒತ್ತಡದ ಸುತ್ತಿನ ತುತ್ತತುದಿಯಲ್ಲಿ, ಎರಡೂ ವಾಲ್ವುಗಳು ಮುಚ್ಚಿರುವಾಗ, ಕೈಪಿಡಿಯಲ್ಲಿ ಕೊಟ್ಟ ಅಳತೆಯ ಫೀಲರ್ ಗೇಜನ್ನು ತೂರಿಸಿ ಸಂದು ಹೊಂದಿಸಬೇಕು. ಹೊಗೆಯ ವಾಲ್ವಿಗೆ ಹಲವು ಎಂಜಿನ್ನುಗಳಲ್ಲಿ ಹೆಚ್ಚು ಸಂದು ಹೇಳಿರುತ್ತಾರೆ. ಅಂದಾಜಿನಿಂದ ಬಿಡುವುದು ಬೇಡ.

ಗ್ಯಾಸ್ಕೆಟ್ಟು ಹೊಸದೇ ಆಗಬೇಕು. ನಟ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸರದಿಯಲ್ಲಿ ಬಿಗಿಯಬೇಕು. ಮೊದಲ ದಿನ ಒಂದು ಗಂಟೆ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ನಟ್ಟುಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ನಟ್ಟು ಬಿಗಿದಾಗ ಹೆಡ್ಡು ಕೂದಲೆಳೆಯಷ್ಟು ಕೆಳಗಿಳಿದು ಸಂದು ಮತ್ತೆ ಬದಲಾಗುವುದರಿಂದ ಅದನ್ನೂ ಇನ್ನೊಮ್ಮೆ ಅಳೆಯಬೇಕು. ಗಾಳಿ ಸೋಸುವ ಡಬ್ಬಿಯ ಹಳೆಯ ಎಣ್ಣೆಯನ್ನು ಚೆಲ್ಲಿ ಹೊಸದು ಹಾಕುವುದನ್ನು ಅಂದೇ ಮಾಡಿದರೆ ಹೊಲದ ಧೂಳು ಹೊಸ ಸೀಟಿಗೆ ಹೋಗುವುದು ತಪ್ಪುತ್ತದೆ. ಇಷ್ಟನ್ನೂ ಬೆಳೆಗೆ ನೀರು ಬೇಕಾದ ವಾರದಲ್ಲಿ ಅಲ್ಲ, ಬಿತ್ತನೆಗೆ ಮುಂಚೆ ಎಂಜಿನ್ನು ಸುಮ್ಮನೆ ನಿಂತಿರುವಾಗ ಮಾಡಿಕೊಳ್ಳುವುದು ಅನುಕೂಲ.