ಕೂಲಿಮಠ, ಕಾನ್ವೆಂಟ್ ಮತ್ತು ಒಂದು ಅರ್ಜಿ

ಬೆಳಿಗ್ಗೆ ಆರು ಗಂಟೆ. ಮಠದ ಬಾಗಿಲಿಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಅಯ್ಯನವರು ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಬಳ್ಳಾರಿ ಜಿಲ್ಲೆಯ ಊರೂರಿನ ಶಾಲೆಗಳಲ್ಲಿದ್ದ ಈ ಪದ್ಧತಿಯನ್ನು ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳಿಸಿದ್ದ.

ಈ ವರದಿ ನನಗೆ ಮತ್ತೆ ಮತ್ತೆ ನೆನಪಾದದ್ದು ಹೋದ ಡಿಸೆಂಬರಿನಲ್ಲಿ. ತುಮಕೂರಿನಲ್ಲಿರುವ ಅಕ್ಕನ ಮಗಳು ಫೋನ್ ಮಾಡಿ, ‘ಚಿಕ್ಕಮ್ಮಾ, ಪುಟ್ಟನ್ನ ಒಂದನೇ ಕ್ಲಾಸಿಗೆ ಸೇರಿಸಬೇಕು, ಶಾಲೆ ನೋಡೋಕೆ ನೀನೂ ಬಾ’ ಎಂದಳು. ಎರಡು ವಾರದಲ್ಲಿ ಐದು ಖಾಸಗಿ ಶಾಲೆಗಳ ಮೆಟ್ಟಿಲು ಹತ್ತಿದೆವು. ಪ್ರತಿ ಕಚೇರಿಯಲ್ಲೂ ಒಂದು ಅರ್ಜಿ ಕೊಟ್ಟರು. ‘ಅನುದಾನರಹಿತ’, ‘ಬೋಧನಾ ಮಾಧ್ಯಮ’, ‘ಪಠ್ಯಕ್ರಮ’, ‘ಮಾತೃಭಾಷೆ’ ಎಂಬ ಪದಗಳು ಅದರಲ್ಲಿ ಸಾಲಾಗಿ ಕೂತಿದ್ದವು. ಅಕ್ಕನ ಮಗಳಿಗೆ ಅವು ತುಂಬಬೇಕಾದ ಖಾನೆಗಳು. ನನಗೆ ಒಂದೊಂದರ ಹಿಂದೆಯೂ ಒಂದು ಜಗಳ, ಒಂದು ಚಳವಳಿ, ಒಂದು ತೀರ್ಪು ಕಾಣುತ್ತಿತ್ತು. ಮಗುವಿಗೆ ಶಾಲೆ ಆರಿಸುವ ಈ ಹೊರೆ ನಮ್ಮ ಮನೆಬಾಗಿಲಿಗೆ ಹೇಗೆ ಬಂತು ಎಂಬುದನ್ನು ತಿಳಿಯದೆ ಒಳ್ಳೆಯ ಆಯ್ಕೆ ಮಾಡುವುದು ಕಷ್ಟ ಎಂದೇ ನಾನು ನಂಬಿದ್ದೇನೆ.

ಕ್ಯಾಂಪ್‌ಬೆಲ್ ಎಣಿಸಿದ್ದು 533 ಶಾಲೆಗಳನ್ನು. ಅನಂತಪುರದ ಭಾಗಗಳೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಕನ್ನಡದ ಶಾಲೆಗಳು 235, ತೆಲುಗಿನವು 226. ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವೂ ಇದ್ದವು. ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದವರು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು 60. ಐದು ವರ್ಷ ತುಂಬಿದಾಗ ಗಣಪತಿ ಪೂಜೆ ಮಾಡಿಸಿ ಮಗುವನ್ನು ಸೇರಿಸುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುವುದು. ಅದರ ಹೆಸರು ಕಡತ. ಈಗ ಆ ಪದ ಸರ್ಕಾರಿ ಕಚೇರಿಯ ಕಪಾಟು ಸೇರಿದೆ. ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುತ್ತಿದ್ದ ಕ್ರಮ ಕ್ಯಾಂಪ್‌ಬೆಲ್‌ಗೆ ಬಹಳ ಹಿಡಿಸಿತ್ತು.

ಇವು ಸರ್ಕಾರದ ಶಾಲೆಗಳಲ್ಲ. ಓದುವ ಮಕ್ಕಳ ಮನೆಯವರೇ ತಮ್ಮ ಶಕ್ತಿಗೆ ತಕ್ಕಂತೆ ತಿಂಗಳಿಗಿಷ್ಟು ಎಂದು ಐಗಳಿಗೆ ಕೊಡುತ್ತಿದ್ದರು. ಕೂಲಿ ಕೊಟ್ಟು ನಡೆಸುವ ಮಠ, ಅದಕ್ಕೇ ಕೂಲಿಮಠ. ನಮ್ಮ ಮೊದಲ ಖಾಸಗಿ ಶಾಲೆ ಕಾನ್ವೆಂಟ್ ಅಲ್ಲ, ಇದು. ಇದರ ದೌರ್ಬಲ್ಯವೂ ಆ ವರದಿಯಲ್ಲೇ ಇದೆ. ಬಿಲಾಯತಿಯ ಬಟ್ಟೆ ಬಂದು ನೇಕಾರರ ಕೈ ಖಾಲಿಯಾಯಿತು, ಹಣ ಜಿಲ್ಲೆಯಿಂದ ಹೊರಗೆ ಹರಿಯಿತು, ಶುಲ್ಕ ಕೊಡಲಾಗದ ತಂದೆತಾಯಿ ಮಕ್ಕಳನ್ನು ಬಿಡಿಸಿಕೊಂಡರು, ಎಷ್ಟೋ ಮಠಗಳು ಮುಚ್ಚಿಹೋದವು ಎಂದು ಕ್ಯಾಂಪ್‌ಬೆಲ್ ಒಪ್ಪಿಕೊಳ್ಳುತ್ತಾನೆ. ಮನೆಯ ಕೈ ಬಿಗಿಯಾದಾಗ ಮಗುವಿನ ಓದೇ ಮೊದಲು ನಿಂತಿತು. ಎರಡು ಶತಮಾನದ ನಂತರ, 2020ರಲ್ಲಿ ಕೊರೊನಾ ಬಂದು ಸಂಬಳ ನಿಂತಾಗ, ಮತ್ತೆ ನಾವು ಕಂಡದ್ದು ಅದನ್ನೇ. ಬಾಕಿ ಕಟ್ಟಲಾಗದೆ, ಶಾಲೆಯಿಂದ ವರ್ಗಾವಣೆ ಪತ್ರವೂ ಸಿಗದೆ ಒದ್ದಾಡಿದ ಮನೆಗಳು ನನ್ನ ಬೀದಿಯಲ್ಲೇ ಇದ್ದವು.

ಸರ್ಕಾರದ ಹಣ ಖಾಸಗಿ ಶಾಲೆಗೆ ಹರಿಯುವ ದಾರಿ ತೆರೆದದ್ದು 1854ರ ವುಡ್‌ನ ಶಿಕ್ಷಣ ಪತ್ರ. ಶಾಲೆಯನ್ನು ಯಾರಾದರೂ ಕಟ್ಟಲಿ, ನಿಯಮ ಪಾಲಿಸಿದರೆ ಸರ್ಕಾರ ಅನುದಾನ ಕೊಡುತ್ತದೆ ಎಂಬುದು ಅದರ ಒಂದು ಮುಖ್ಯ ಅಂಶ. ಕ್ರೈಸ್ತ ಮಿಷನ್‌ಗಳು ಅದಕ್ಕೂ ಮೊದಲೇ ಶಾಲೆ ತೆರೆದಿದ್ದವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಬೆಂಗಳೂರು ದಂಡು ಪ್ರದೇಶದಲ್ಲಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ 1865ರಲ್ಲಿ ಬಿಷಪ್ ಕಾಟನ್ ಶಾಲೆ ಹುಟ್ಟಿತು. ಸನ್ಯಾಸಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗಳಿಂದ ಬಂದ ‘ಕಾನ್ವೆಂಟ್’ ಎಂಬ ಪದ ನಿಧಾನಕ್ಕೆ ಎಲ್ಲ ಇಂಗ್ಲಿಷ್ ಶಾಲೆಗೂ ಅಂಟಿಕೊಂಡಿತು. ಈಗ ಹಳ್ಳಿಯ ಗಣೇಶನ ಗುಡಿಯ ಪಕ್ಕದ ನರ್ಸರಿಯೂ ಕಾನ್ವೆಂಟೇ.

ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಬಗೆಯ ಶಾಲೆಗಳ ಮೇಲೆ. 1916ರಲ್ಲಿ, ಮರಾಠಿಯ ಪ್ರಾಬಲ್ಯವಿದ್ದ ಬೆಳಗಾವಿಯಲ್ಲಿ, ಏಳು ಜನ ಯುವ ಅಧ್ಯಾಪಕರು ಕೂಡಿ ಒಂದು ಶಾಲೆ ತೆರೆದರು. ಕೆಎಲ್‌ಇ ಸಂಸ್ಥೆ ಬೆಳೆದದ್ದು ಅದರಿಂದ. ಆ ಏಳು ಜನರನ್ನು ಉತ್ತರ ಕರ್ನಾಟಕ ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತದೆ. ಮರುವರ್ಷ ಬೆಂಗಳೂರಿನ ಬಸವನಗುಡಿಯಲ್ಲಿ, ಅನಿಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಕರೆಯ ಬೆನ್ನಿಗೇ, ನ್ಯಾಷನಲ್ ಹೈಸ್ಕೂಲ್ ಆರಂಭವಾಯಿತು. ಮುಂದೆ ಎಚ್. ನರಸಿಂಹಯ್ಯನವರು ಅಲ್ಲೇ ಓದಿ, ಆ ಸಂಸ್ಥೆಗೇ ತಮ್ಮ ಜೀವ ತೇಯ್ದರು. ಇವೂ ಖಾಸಗಿ ಶಾಲೆಗಳೇ. ಆದರೆ ‘ಖಾಸಗಿ’ ಎಂಬ ಮಾತು ಅಲ್ಲಿ ಹೊಂದುವುದಿಲ್ಲ. ಅವು ಊರಿನವು, ಒಂದು ಭಾಷೆಯವು, ಒಂದು ಹಟದವು. ದಾನಿಗಳು ಜಾಗ ಕೊಟ್ಟರು, ಮೇಷ್ಟರು ಅರ್ಧ ಸಂಬಳಕ್ಕೆ ದುಡಿದರು, ಸರ್ಕಾರ ಅನುದಾನ ಕೊಟ್ಟಿತು. ನನ್ನ ಅಪ್ಪ ಓದಿದ್ದು ಅಂಥದೇ ಒಂದು ಅನುದಾನಿತ ಶಾಲೆಯಲ್ಲಿ. ಅವರಿಗಾಗಿ ಯಾರೂ ಶಾಲೆ ‘ಆರಿಸಲಿಲ್ಲ’. ಊರಿಗೆ ಇದ್ದದ್ದು ಅದೊಂದೇ, ಅದು ಚೆನ್ನಾಗಿತ್ತು.

ಚಿತ್ರ ಬದಲಾದದ್ದು 1980ರ ದಶಕದಲ್ಲಿ. ಒಂದು ಕಡೆ ಗೋಕಾಕ್ ವರದಿ, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದು ನಡೆಸಿದ ಚಳವಳಿ, ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನದ ಬೇಡಿಕೆ. ಇನ್ನೊಂದು ಕಡೆ, ಅದೇ ದಶಕದ ಕೊನೆಯ ಹೊತ್ತಿಗೆ ಸರ್ಕಾರ ಹೊಸ ಖಾಸಗಿ ಶಾಲೆಗಳಿಗೆ ಅನುದಾನದ ಬಾಗಿಲು ಮುಚ್ಚುತ್ತ ಬಂತು. ಈ ಎರಡನೆಯದು ಸುದ್ದಿಯಾದದ್ದು ಕಡಿಮೆ, ಪರಿಣಾಮ ದೊಡ್ಡದು. ಹಣವಿಲ್ಲದ ಕನ್ನಡ ಮಾಧ್ಯಮದ ಶಾಲೆಯನ್ನು ಶುಲ್ಕದ ಮೇಲೆ ನಡೆಸುವುದು ಕಷ್ಟ. ಇಂಗ್ಲಿಷ್ ಎಂದರೆ ಜನ ಶುಲ್ಕ ಕೊಡುತ್ತಾರೆ. ಹೀಗೆ ಅನುದಾನರಹಿತ ಎಂಬುದೂ ಇಂಗ್ಲಿಷ್ ಮಾಧ್ಯಮ ಎಂಬುದೂ ಒಂದಕ್ಕೊಂದು ಕೈಹಿಡಿದುಕೊಂಡವು.

1994ರ ಭಾಷಾನೀತಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದಿತು. ಆಮೇಲೆ ನಡೆದದ್ದು ನನಗೆ ಇಂದಿಗೂ ನೋವಿನ ಸಂಗತಿ: ಕನ್ನಡ ಮಾಧ್ಯಮವೆಂದು ಮಾನ್ಯತೆ ಪಡೆದು ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡುವ ಶಾಲೆಗಳು ಹುಟ್ಟಿದವು. ಅಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ 2006ರಲ್ಲಿ ಹೊರಟಿತು. ಒಳಗೊಂದು ಹೊರಗೊಂದು ಎಂಬ ಪಾಠವನ್ನು ಆರು ವರ್ಷದ ಮಕ್ಕಳು ಶಾಲೆಯಿಂದಲೇ ಕಲಿತರು. 2008ರಲ್ಲಿ ರಾಜ್ಯ ಹೈಕೋರ್ಟ್ ಖಾಸಗಿ ಅನುದಾನರಹಿತ ಶಾಲೆಗಳ ಮಟ್ಟಿಗೆ ಆ ನೀತಿಯನ್ನು ತಳ್ಳಿಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಮಾತೃಭಾಷೆಯನ್ನು ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರೂ ತಂದೆತಾಯಿಯೇ ಎಂದಿತು.

ಶುಲ್ಕದ ಕಥೆಗೂ ಕರ್ನಾಟಕವೇ ಮೂಲ. ಡೊನೇಷನ್ ಎಂಬ ಮಾತು ಮನೆಮಾತಾದ ಮೇಲೆ 1984ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ನಮ್ಮ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದಿಂದ ಎದ್ದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕು ಎಂದಿತು. ಹತ್ತು ವರ್ಷದ ಮೇಲೆ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕೂತು, ಶಾಲೆ ಕಾಲೇಜು ಕಟ್ಟಿ ನಡೆಸುವುದೂ ಸಂವಿಧಾನ ಕೊಟ್ಟ ಉದ್ಯೋಗ ಸ್ವಾತಂತ್ರ್ಯ ಎಂದರು. ಅನುದಾನ ಪಡೆಯದ ಸಂಸ್ಥೆ ತನ್ನ ಶುಲ್ಕ ತಾನೇ ಗೊತ್ತು ಮಾಡಬಹುದು. ಲಾಭಕೋರತನ ಮತ್ತು ಕ್ಯಾಪಿಟೇಷನ್ ಮಾತ್ರ ಕೂಡದು. ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂದು ಅಳೆಯುವ ಕೋಲು ತಂದೆತಾಯಿಯ ಕೈಗೆ ಇಂದಿಗೂ ಬಂದಿಲ್ಲ.

ಬಡವರ ಮಕ್ಕಳಿಗೂ ಈ ಶಾಲೆಗಳ ಬಾಗಿಲು ತೆರೆದದ್ದು ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ. 2012ರಿಂದ ನಮ್ಮ ರಾಜ್ಯದಲ್ಲಿ ಶೇ 25ರಷ್ಟು ಸೀಟು ಆರ್‌ಟಿಇ ಮಕ್ಕಳಿಗೆ ದಕ್ಕತೊಡಗಿತು. ಮನೆಗೆಲಸದವರ ಮಗಳು, ಆಟೊ ಓಡಿಸುವವರ ಮಗ ಯೂನಿಫಾರ್ಮ್ ಹಾಕಿಕೊಂಡು ಹೊರಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2018ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದಾಯಿತು. ಸರ್ಕಾರಿ ಶಾಲೆ ಖಾಲಿಯಾಗುತ್ತಿದೆ ಎಂಬ ಕಾರಣ ಸುಳ್ಳಲ್ಲ. ಆದರೆ ಹಣವಿದ್ದವರ ಆಯ್ಕೆ ಹಾಗೇ ಉಳಿದು, ಹಣವಿಲ್ಲದವರ ಆಯ್ಕೆ ಮಾತ್ರ ಹೋಯಿತು. ಇದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಇಷ್ಟೆಲ್ಲದರ ನಡುವೆ, ಶುಲ್ಕಕ್ಕೂ ಮಾಧ್ಯಮಕ್ಕೂ ಸಂಬಂಧವಿಲ್ಲದ ಇನ್ನೊಂದು ಎಳೆ ಇದೆ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷ್ ಮೇಷ್ಟರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ಕಟ್ಟಿದರು. ಸುತ್ತಲ ಹಳ್ಳಿಯ ಮಕ್ಕಳು, ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ, ಪರೀಕ್ಷೆ ಇಲ್ಲ, ಹೊಡೆತ ಇಲ್ಲ, ಪ್ರತಿ ಮಗು ತನ್ನ ಹೆಜ್ಜೆಯಲ್ಲಿ ಕಲಿಯುವುದು. ಅದರ ಪ್ರಭಾವ ಮದನಪಲ್ಲಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹರಿಯಿತು. ಆ ಶಾಲೆಗಳನ್ನು ನೋಡಿಬಂದ ಎಚ್.ಡಿ. ಕೋಟೆಯ ಸರ್ಕಾರಿ ಮೇಷ್ಟರು 1995ರಲ್ಲಿ ತಮ್ಮ ಏಕೋಪಾಧ್ಯಾಯ ಶಾಲೆಗಳಿಗೆ ತಕ್ಕಂತೆ ಅದನ್ನು ಬದಲಿಸಿಕೊಂಡರು. ಅದೇ ನಲಿಕಲಿ. ಈಗ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಆರಿಸಿಕೊಂಡು ಕಲಿಯುವುದು ಹೀಗೆ ಬಂದದ್ದು. ಒಂದು ಸ್ವತಂತ್ರ ಶಾಲೆ ನಾಡಿಗೆ ಕೊಡಬಹುದಾದದ್ದು ಇದು. ಖಾಸಗಿ ಶಾಲೆ ಎಂದಾಗ ನಾನು ಅಳೆಯುವುದು ನೀಲ್‌ಬಾಗಿನಿಂದ, ಈಜುಕೊಳದಿಂದ ಅಲ್ಲ.

ಹಾಗಾಗಿ ಅಕ್ಕನ ಮಗಳ ಜೊತೆ ಹೋದಾಗ ನಾನು ಕೇಳುತ್ತಿದ್ದ ಪ್ರಶ್ನೆಗಳು ಬೇರೆಯೇ. ಒಂದನೇ ಕ್ಲಾಸಿನ ಟೀಚರ್ ಎಷ್ಟು ವರ್ಷದಿಂದ ಇದ್ದಾರೆ? ಹೋದ ವರ್ಷ ಎಷ್ಟು ಜನ ಬಿಟ್ಟುಹೋದರು? ಕನ್ನಡ ಕಲಿಸುವವರು ಬೇರೆ ಇದ್ದಾರೋ, ಬಿಡುವಿದ್ದವರು ಕಲಿಸುತ್ತಾರೋ? ಒಂದು ಶಾಲೆಯವರು ಸ್ಮಾರ್ಟ್ ಬೋರ್ಡು ತೋರಿಸಿದರು, ಟೀಚರನ್ನು ತೋರಿಸಲಿಲ್ಲ. ಇನ್ನೊಂದರಲ್ಲಿ ‘ಸುಮ್ಮನೆ ಮಾತಾಡಿಸ್ತೀವಿ’ ಎಂದು ಪುಟ್ಟನನ್ನು ಒಳಗೆ ಕರೆದೊಯ್ದರು. ಅವನು ಹೊರಬಂದಾಗ ಕಣ್ಣು ತುಂಬಿತ್ತು. ನೂರರಿಂದ ಹಿಂದಕ್ಕೆ ಎಣಿಸು ಎಂದಿದ್ದರಂತೆ. ಸೇರಿಸುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನಿನಂತೆ ಅಪರಾಧ. ಮೊದಲ ಸಲಕ್ಕೆ 25 ಸಾವಿರ ರೂಪಾಯಿವರೆಗೆ ದಂಡ ಇದೆ. ಅದನ್ನು ಹೇಳಿದಾಗ ಅಲ್ಲಿದ್ದವರ ಮುಖ ಬಿಗಿಯಿತು. ಮೂರನೆಯದರ ಫಲಕದ ಮೇಲೆ ಸಿಬಿಎಸ್‌ಇ ಎಂದಿತ್ತು. ಸಂಯೋಜನೆಯ ಸಂಖ್ಯೆ ಕೇಳಿದರೆ ‘ಅರ್ಜಿ ಹಾಕಿದ್ದೇವೆ’ ಎಂದರು. ಮಂಡಳಿಯ ಸಂಯೋಜನೆ ಇಲ್ಲದ ಶಾಲೆಯ ಮಕ್ಕಳು ಹತ್ತನೇ ತರಗತಿ ಹೊತ್ತಿಗೆ ಯಾವ ಪರೀಕ್ಷೆಗೆ ಕೂರಬೇಕೆಂದು ತಿಳಿಯದೆ ನಿಲ್ಲಬೇಕಾಗುತ್ತದೆ. ದಯವಿಟ್ಟು ಯಾರೂ ಆ ಸಂಖ್ಯೆಯನ್ನು ನೋಡದೆ ದುಡ್ಡು ಕಟ್ಟಬೇಡಿ.

ಐದನೆಯದು ಮನೆಯಿಂದ ನಡೆದುಹೋಗುವಷ್ಟು ಹತ್ತಿರದ, ರಾಜ್ಯ ಪಠ್ಯಕ್ರಮದ ಸಣ್ಣ ಶಾಲೆ. ಆಟದ ಮೈದಾನ ಚಿಕ್ಕದು, ಹೊಂಗೆಮರ ದೊಡ್ಡದು. ಒಂದನೇ ಕ್ಲಾಸಿನ ಮೇಡಂ ಹನ್ನೊಂದು ವರ್ಷದಿಂದ ಅದೇ ಕ್ಲಾಸಿಗೆ. ನಾವು ಬಾಗಿಲಲ್ಲಿ ನಿಂತಾಗ ಅವರು ನೆಲದ ಮೇಲೆ ಕೂತು ಹುಣಸೆಬೀಜ ಹತ್ತತ್ತರ ಗುಂಪು ಮಾಡಿಸುತ್ತಿದ್ದರು. ಒಬ್ಬ ಹುಡುಗ ಒಂಬತ್ತಕ್ಕೇ ನಿಲ್ಲಿಸಿದ್ದ. ಅವರು ತಪ್ಪು ಎನ್ನಲಿಲ್ಲ, ‘ಇನ್ನೊಂದ್ಸಲ ಎಣಿಸು ನೋಡೋಣ’ ಎಂದರು. ಪುಟ್ಟ ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ ಕೂತ.

ಶುಲ್ಕ ಕಡಿಮೆಯೇನಲ್ಲ, ಆದರೆ ಮೂರು ಕಂತು, ಮೂರಕ್ಕೂ ಶಾಲೆಯ ಹೆಸರಿನದೇ ರಸೀದಿ. ಅಕ್ಕನ ಮಗಳು ಬೆಂಚಿನ ಮೇಲೆ ಕೂತು ಅರ್ಜಿ ತುಂಬತೊಡಗಿದಳು. ‘ಮಾತೃಭಾಷೆ’ ಎಂಬಲ್ಲಿ ಪೆನ್ನು ನಿಂತಿತು. ಅವಳ ಗಂಡನ ಮನೆಮಾತು ತೆಲುಗು, ಪಾವಗಡದ ಕಡೆಯವರು. ಫೋನ್ ಹಚ್ಚಿದಳು.

‘ರೀ, ಇಲ್ಲಿ ಮಾತೃಭಾಷೆ ಕೇಳಿದಾರೆ. ಏನಂತ ಬರೀಲಿ?’

ಆ ಕಡೆಯ ಉತ್ತರ ನನಗೂ ಕೇಳಿಸಿತು. ‘ರಾತ್ರಿ ಅವನನ್ನ ಯಾವ ಭಾಷೆಲಿ ಮಲಗಿಸ್ತೀಯೋ ಅದನ್ನೇ ಬರಿ.’

ಅವಳು ಕನ್ನಡ ಎಂದು ಬರೆದು, ಮುಂದಿನ ಖಾನೆಗೆ ಹೋದಳು.