ನೆಕ್ಕರ್ ನದಿಯ ದಡದಲ್ಲಿ ಸಿಕ್ಕಿದ ಕನ್ನಡ

ನಿಮ್ಮಲ್ಲಿ ಹಲವರ ಮಗಳೋ ಸೊಸೆಯೋ ಪರದೇಶದಲ್ಲಿ ಸಂಸಾರ ಹೂಡಿರಬಹುದು. ಮೊಮ್ಮಗು ಫೋನಿನಲ್ಲಿ ಎರಡು ಮಾತಾಡಿ, ಮೂರನೆಯದಕ್ಕೆ ಪದ ಸಿಗದೆ ಫೋನನ್ನು ತಾಯಿಯ ಕೈಗಿತ್ತು ಓಡಿದ ಅನುಭವವೂ ನಿಮಗೆ ಆಗಿರಬಹುದು. ನಮ್ಮ ಮನೆಯ ಕತೆಯೂ ಹೆಚ್ಚು ಕಡಿಮೆ ಅದೇ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ. ಹನ್ನೆರಡು ವರ್ಷದ ಮಗಳು ಮನೆಯಲ್ಲಿ ಬ್ಯಾರಿ ಮಾತಾಡುತ್ತಾಳೆ, ಹೊರಗೆ ಜರ್ಮನ್. ಆದರೆ ಊರಿನಿಂದ ಅಜ್ಜಿ ಕನ್ನಡ ಅಕ್ಷರದಲ್ಲಿ ಬರೆದು ಕಳುಹಿಸುವುದನ್ನು ಪ್ರತಿ ಸಲವೂ ನಾನೇ ಓದಿ ಹೇಳಬೇಕು. "ಇಲ್ಲಿ ಆ ಅಕ್ಷರ ಯಾರಿಗೆ ಬೇಕು ಉಮ್ಮಾ?" ಎಂದು ಒಮ್ಮೆ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಬೇಸಿಗೆ ರಜೆಯ ಒಂದು ದಿನ, ಟ್ಯೂಬಿಂಗನ್ ಎಂಬ ಹಳೆಯ ಪಟ್ಟಣದಲ್ಲಿ.

ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮನೆಯಿಂದಲೇ ಚಪಾತಿ, ಮೊಟ್ಟೆ ಪಲ್ಯ, ನೀರಿನ ಬಾಟಲಿ ಕಟ್ಟಿಕೊಂಡಿದ್ದೆವು. ನೀವು ಹೋಗುವುದಾದರೂ ಹಾಗೆಯೇ ಮಾಡಿ. ಹಲಾಲ್ ಹುಡುಕುವ ತಾಪತ್ರಯ ತಪ್ಪುತ್ತದೆ. ಅಲ್ಲದೆ ಒಮ್ಮೆ ಬಳಸಿ ಎಸೆಯುವ ಲೋಟ, ತಟ್ಟೆಗಳಿಗೆ ಈ ಪಟ್ಟಣ 2022ರಿಂದ 50 ಸೆಂಟ್ ತೆರಿಗೆ ಹಾಕಿದೆ. ಬುತ್ತಿ ಒಯ್ಯುವ ನಮ್ಮ ಹಳೆಯ ಅಭ್ಯಾಸ ಅಲ್ಲಿ ಲಾಭದ್ದೇ ಆಯಿತು!

ರೈಲಿನಿಂದ ಇಳಿದು ಸ್ವಲ್ಪ ನಡೆದರೆ ನೆಕ್ಕರ್ ನದಿಯ ಸೇತುವೆ. ಅಲ್ಲಿ ನಿಂತು ನೋಡಿದರೆ ನೀರಿನ ಅಂಚಿಗೇ ಸಾಲು ಮನೆಗಳು, ಮೇಲೆ ಕೆಂಪು ಹೆಂಚು. "ಅಜ್ಜಿಯ ಮನೆಯ ಮಾಡಿನ ಹಾಗಿದೆ" ಎಂದ ಚಿಕ್ಕ ಮಗ. ಆಕಾರ ಬೇರೆ, ಆದರೆ ಅವನು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್‌ನಲ್ಲಿ ಜರ್ಮನ್ನರು ಬಹಳ ಮಂದಿ ಇದ್ದರು.

ನದಿಯಲ್ಲಿ ಉದ್ದನೆಯ ದೋಣಿಗಳು. ಹುಟ್ಟು ಹಾಕುವುದಿಲ್ಲ, ಕೋಲನ್ನು ನೀರಿನ ತಳಕ್ಕೆ ಊರಿ ದೂಡುತ್ತಾರೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಇದರಲ್ಲೇ ಪಂದ್ಯ ನಡೆಸುತ್ತಾರಂತೆ. ಸೋತವರಿಗೆ ಶಿಕ್ಷೆ ಏನು ಗೊತ್ತೇ? ಮೀನೆಣ್ಣೆ ಕುಡಿಯುವುದು! ದಡದಲ್ಲೇ ಒಂದು ಹಳದಿ ಗೋಪುರವಿದೆ. ಹೋಲ್ಡರ್‌ಲಿನ್ ಎಂಬ ಕವಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಮೇಲೆ 1807ರಿಂದ 1843ರಲ್ಲಿ ಸಾಯುವ ತನಕ ಇಲ್ಲಿಯೇ ಇದ್ದರು. ನೋಡಿಕೊಂಡದ್ದು ಸ್ವಂತ ಬಂಧುಗಳಲ್ಲ, ಒಬ್ಬ ಬಡಗಿಯ ಸಂಸಾರ. ಬಡಗಿ ತೀರಿಕೊಂಡ ಬಳಿಕ ಆತನ ಮಗಳು ಲೊಟ್ಟೆ ಆ ಸೇವೆಯನ್ನು ಮುಂದುವರಿಸಿದಳು. ರೋಗಿಯ ಆರೈಕೆ ಮಾಡಿದವರಿಗೆ ಗೊತ್ತು, ಮೂವತ್ತಾರು ವರ್ಷವೆಂದರೆ ಎಷ್ಟು ದೀರ್ಘವೆಂದು.

ನದಿಯ ನಡುವಿನ ನಡುಗಡ್ಡೆಯಲ್ಲಿ ಸಾಲು ಮರಗಳ ನೆರಳಿದೆ. ಅಲ್ಲಿ ಬುತ್ತಿ ಬಿಚ್ಚಿದೆವು, ಹುಲ್ಲಿನ ಮೇಲೆ ಚಾಪೆ ಹಾಸಿ ಝುಹರ್ ನಮಾಝ್ ನಿರ್ವಹಿಸಿದೆವು.

ಮತ್ತೆ ಏರು ಗಲ್ಲಿಗಳನ್ನು ಹತ್ತಿ ಕೋಟೆಗೆ. ಹೊರಡುವಾಗ ಮೆತ್ತನೆಯ ಚಪ್ಪಲಿಯನ್ನೇ ಹಾಕಿಕೊಳ್ಳಿ, ಎಲ್ಲೆಲ್ಲೂ ಕಲ್ಲು ಹಾಸಿದ ದಾರಿ. ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಕ್ ಮೀಶರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ್ದು ಅಲ್ಲಿಯೇ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಅಡುಗೆಮನೆಯೆಂದರೆ ಸಣ್ಣ ಜಾಗವೆಂದು ಯಾರಾದರೂ ಹೇಳಿದರೆ ಈ ಕತೆ ಹೇಳಿ.

ಇಳಿದು ಬಂದು ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಬಳಿ ಕುಳಿತೆವು. ಇದರ ಸ್ಥಾಪನೆ 1477ರಲ್ಲಿ. ಈಗ ಇಲ್ಲಿ ಇಸ್ಲಾಮೀ ಅಧ್ಯಯನದ ಕೇಂದ್ರವೂ ಇದೆ. ಇವರು ಮಗಳನ್ನು ಹತ್ತಿರ ಕರೆದು, "ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ" ಎಂದರು.

ಹರ್ಮನ್ ಮೋಗ್ಲಿಂಗ್ ಓದಿದ್ದು ಈ ಊರಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು ಅವರು. ಇನ್ನೊಬ್ಬರು ಫರ್ಡಿನಂಡ್ ಕಿಟೆಲ್. ಜರ್ಮನಿಯ ಉತ್ತರ ತುದಿಯಲ್ಲಿ ಹುಟ್ಟಿ, 1853ರಲ್ಲಿ ನಮ್ಮ ನಾಡಿಗೆ ಬಂದು, ವರ್ಷಾನುಗಟ್ಟಲೆ ಪದ ಕೂಡಿಸಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಸಿದ್ಧಪಡಿಸಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಮುದ್ರಣವಾಯಿತು. 1896ರಲ್ಲಿ ಈ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು 1903ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಟ್ಯೂಬಿಂಗನ್‌ನಲ್ಲಿ.

ಅವರು ನಮ್ಮ ಕಡೆ ಬಂದದ್ದು ತಮ್ಮ ಧರ್ಮದ ಪ್ರಚಾರಕ್ಕೆ, ನಿಜ. ಆದರೆ ಕಲಿತ ಭಾಷೆಗೆ ಅವರು ಕೊಟ್ಟ ದುಡಿಮೆಯನ್ನು ಇಂದಿಗೂ ಕನ್ನಡಿಗರು ಬಳಸುತ್ತಿದ್ದಾರೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವರಿಗೆ ಕನ್ನಡ ಕಲಿಸಲು ಮನೆಯಲ್ಲಿ ಯಾರೂ ಇರಲಿಲ್ಲವಲ್ಲ?" ಎಂದಳು. "ಇರಲಿಲ್ಲ" ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಅವಳಿಗೆ ನಾನಿದ್ದೆ. ಸಮಯವಿಲ್ಲ ಎಂದು ಹನ್ನೆರಡು ವರ್ಷ ಕಳೆದವಳೂ ನಾನೇ.

ಹಿಂದಿರುಗುವ ರೈಲಿನಲ್ಲಿ ಬುತ್ತಿ ಸುತ್ತಿದ್ದ ಕಾಗದದ ಮೇಲೆ 'ಅಜ್ಜಿ' ಎಂದು ಬರೆದು ತೋರಿಸಿದೆ. ಅವಳು ಅದರ ಕೆಳಗೆ ನಾಲ್ಕು ಸಲ ತಿದ್ದಿದಳು. ಒತ್ತಕ್ಷರ ಎರಡು ಸಲ ಜಾರಿ ಹೋಯಿತು. ಐದನೆಯದರ ಫೋಟೋ ತೆಗೆದು ಊರಿಗೆ ಕಳುಹಿಸಿದೆವು. ರಾತ್ರಿ ಅಜ್ಜಿಯ ಉತ್ತರ ಬಂತು, ದೊಡ್ಡ ದೊಡ್ಡ ಅಕ್ಷರದಲ್ಲಿ, ಬರೇ ಎರಡು ಪದ. "ಓದಿದೆ, ಮಗಳೇ."

ಈಗ ವಾರಕ್ಕೆ ಎರಡು ದಿನ, ರಾತ್ರಿ ಊಟದ ನಂತರ ಅರ್ಧ ಗಂಟೆ ನಮ್ಮ ಮನೆಯಲ್ಲಿ ಅಕ್ಷರದ ಪಾಠ. ಟ್ಯೂಬಿಂಗನ್‌ಗೆ ಹೋಗುವ ಅವಕಾಶ ಎಲ್ಲರಿಗೂ ಸಿಗದು. ಆದರೆ ದೂರದಲ್ಲಿರುವ ಮೊಮ್ಮಗುವಿಗೆ ಇಂದೇ ಎರಡು ಸಾಲು ಬರೆದು ಕಳುಹಿಸಲು ನಿಮಗೆ ಟಿಕೆಟ್ ಬೇಕಿಲ್ಲ. ಓದಲು ಬಾರದಿದ್ದರೆ ಓದಿಸಿಕೊಳ್ಳಲಿ. ಒಂದು ದಿನ ತಾನೇ ಓದಬೇಕೆಂದು ಅನಿಸದೆ ಇರದು.